ಟಲ್ಸಾದಲ್ಲಿ ಆಗಿದ್ದು 'ಗಲಭೆ'ಯೋ, 'ಹತ್ಯಾಕಾಂಡ'ವೋ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಗೆ ನುಗ್ಗಿತು. ಕೊಂದರು, ದೋಚಿದರು, ಬೆಂಕಿ ಇಟ್ಟರು. ಸಾವಿರಕ್ಕೂ ಜಾಸ್ತಿ ಮನೆಗಳು ಸುಟ್ಟುಹೋದವು. ಸತ್ತವರು 36 ಎಂದು ಸರ್ಕಾರದ ಲೆಕ್ಕ. ಇತಿಹಾಸಕಾರರು 300ರವರೆಗೂ ಹೇಳುತ್ತಾರೆ.

ಇದರ ಬಗ್ಗೆ ಪುಟ್ಟ ಲೇಖನ ಬರೆಯುವಾಗ ಕೈ ತಾನಾಗಿ 'ಜನಾಂಗೀಯ ಗಲಭೆ' ಎಂದು ಬರೆದುಬಿಟ್ಟಿತು. ಪತ್ರಿಕೆ ಓದಿ ಓದಿ ಆದ ರೂಢಿ. ಆಮೇಲೆ ಎರಡೂ ಪದ ಚುಚ್ಚತೊಡಗಿದವು.

ಮೊದಲು 'ಗಲಭೆ'. 'ಎರಡು ಗುಂಪುಗಳ ನಡುವೆ ಗಲಭೆ' ಅಂತ ದಿನಾ ಓದುತ್ತೇವೆ. 'ಎರಡು ಗುಂಪುಗಳ ನಡುವೆ ಹತ್ಯಾಕಾಂಡ' ಅಂತ ಯಾರೂ ಬರೆಯಲ್ಲ, ಅಲ್ವಾ? ಗಲಭೆ ಅಂದ ಕೂಡಲೇ ತಪ್ಪು ಇಬ್ಬರಿಗೂ ಹಂಚಿಹೋಗುತ್ತದೆ. ಟಲ್ಸಾದಲ್ಲಿ ಆಗಿದ್ದೂ ಅದೇ. ಅಲ್ಲಿನ ಗ್ರ್ಯಾಂಡ್ ಜ್ಯೂರಿ (ಯಾರ ಮೇಲೆ ಕೇಸು ಹಾಕಬೇಕು ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ತಪ್ಪನ್ನು ಕಪ್ಪು ಜನರ ತಲೆಗೇ ಕಟ್ಟಿತು. ಕೊಂದ, ಬೆಂಕಿ ಇಟ್ಟ ಬಿಳಿಯರಲ್ಲಿ ಒಬ್ಬರೂ ಜೈಲಿಗೆ ಹೋಗಲಿಲ್ಲ.

ಇದು ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. ವಿಮೆ ಪತ್ರಗಳಲ್ಲಿ 'ಗಲಭೆಯಿಂದಾದ ನಷ್ಟಕ್ಕೆ ಹಣ ಕೊಡುವುದಿಲ್ಲ' ಎಂಬ ಷರತ್ತು ಇತ್ತು. ಅದನ್ನೇ ಹಿಡಿದು ಕಂಪನಿಗಳು ಕೈ ತೊಳೆದುಕೊಂಡವು. ಅಲ್ಲಿ ಡಿಕ್ಸಿ ಥಿಯೇಟರ್ ನಡೆಸುತ್ತಿದ್ದ ವಿಲಿಯಂ ರೆಡ್‌ಫರ್ನ್ ಎಂಬ ಬಿಳಿಯನೇ ಕೋರ್ಟಿಗೆ ಹೋದ. 1926ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಅದು ಗಲಭೆಯೇ ಎಂದಿತು. ಕೇಸು ಬಿತ್ತು. ಬಿಳಿಯನ ಗತಿಯೇ ಹೀಗಾದರೆ ಉಳಿದವರದ್ದು ಕೇಳಬೇಕೆ?

ನಗರಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಟ್ಟ ಜಾಗದಲ್ಲಿ ಬೆಂಕಿ ತಾಗದ ಸಾಮಗ್ರಿಯಲ್ಲೇ ಮನೆ ಕಟ್ಟಬೇಕು ಎಂದು ನಿಯಮ ತಂದಿತು. ಚಾಪೆ ಹಾಸಲೂ ಗತಿ ಇಲ್ಲದವರಿಗೆ! ಬಿ. ಸಿ. ಫ್ರಾಂಕ್ಲಿನ್ ಎಂಬ ಕಪ್ಪು ವಕೀಲರು ಅದರ ವಿರುದ್ಧ ಹೋರಾಡಿ ಗೆದ್ದರು. ಅವರ ಒಂದು ಫೋಟೊ ಇದೆ. ಆಫೀಸು ಸುಟ್ಟುಹೋಗಿ ಟೆಂಟಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಟೈಪ್‌ರೈಟರ್, ಕಾನೂನು ಪುಸ್ತಕಗಳು. ಲೇಖನಕ್ಕೆ ಅದೇ ಚಿತ್ರ ಹಾಕುತ್ತಿದ್ದೇನೆ. ಅದರ ಕೆಳಗೆ 'ಗಲಭೆಯ ನಂತರ' ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

1997ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ತನಿಖಾ ಆಯೋಗದ ಹೆಸರಲ್ಲೂ 'ರಯಟ್' (ಗಲಭೆ) ಇತ್ತು. ಆಯೋಗ 2001ರಲ್ಲಿ ಪರಿಹಾರ ಕೊಡಿ ಎಂದು ಶಿಫಾರಸು ಮಾಡಿತು. ಬದುಕುಳಿದವರ ಕೈಗೆ ಸರ್ಕಾರದಿಂದ ದುಡ್ಡು ಬರಲಿಲ್ಲ. ನೂರು ವರ್ಷದ ನೆನಪಿಗೆ ಮಾಡಿದ ಸಮಿತಿ ತನ್ನ ಹೆಸರಿನ 'ರಯಟ್' ತೆಗೆದು 'ಮ್ಯಾಸಕರ್' (ಹತ್ಯಾಕಾಂಡ) ಎಂದು ಬದಲಿಸಿಕೊಂಡಿದ್ದು 2018ರಲ್ಲಿ. 2024ರಲ್ಲಿ, ಅಂದು ಬದುಕುಳಿದು ಈಗ ನೂರು ದಾಟಿದ್ದ ಇಬ್ಬರು ಅಜ್ಜಿಯರ ಪರಿಹಾರದ ದಾವೆಯನ್ನು ಅದೇ ರಾಜ್ಯದ ಸುಪ್ರೀಂ ಕೋರ್ಟ್ ವಜಾ ಮಾಡಿತು.

ಎರಡನೆಯದು 'ಜನಾಂಗೀಯ'. ನಮ್ಮ ಕಡೆ 'ನೀವು ಯಾವ ಜನಾಂಗ?' ಅಂದರೆ ಜಾತಿ ಕೇಳುವ ಮರ್ಯಾದೆಯ ದಾರಿ. ಓದುಗರು ಎರಡು ಜಾತಿಗಳ ಹೊಡೆದಾಟ ಅಂದುಕೊಂಡರೆ? 'ಜನಾಂಗೀಯ ಹತ್ಯಾಕಾಂಡ' ಅಂದರೆ ಒಂದಿಡೀ ಜನಾಂಗವನ್ನೇ ಅಳಿಸುವ ನರಮೇಧದ ಅರ್ಥ ಬಂದುಬಿಡುತ್ತದೆ. 'ವರ್ಣ' ಅಂದರೆ ಇನ್ನೂ ಕಷ್ಟ, ನಾಲ್ಕು ವರ್ಣಗಳು ಬಂದು ಕೂರುತ್ತವೆ. ಸದ್ಯಕ್ಕೆ ಈ ವಿಶೇಷಣವನ್ನೇ ಬಿಟ್ಟು 'ಗ್ರೀನ್‌ವುಡ್ ಹತ್ಯಾಕಾಂಡ' ಎಂದಿದ್ದೇನೆ. ಜಲಿಯನ್‌ವಾಲಾಬಾಗ್‌ನಿಂದಾಗಿ ಆ ಪದ ಎಲ್ಲರಿಗೂ ಗೊತ್ತು. ಟಲ್ಸಾಕ್ಕಿಂತ ಎರಡೇ ವರ್ಷ ಹಿಂದಿನದು ಅದು.

ಆದರೆ ಹತ್ಯಾಕಾಂಡದಲ್ಲಿ ಹೆಣ ಮಾತ್ರ ಕಾಣುತ್ತದೆ. ಸುಟ್ಟ ಮನೆ, ದೋಚಿದ ಅಂಗಡಿ ಕಾಣಲ್ಲ. ಹೀಗೆ ಹುಡುಕುವಾಗ ನೆನಪಾಗಿದ್ದು ವೀರಗಲ್ಲುಗಳ 'ಊರಳಿವು'. ತುರುಗೋಳಿನ, ಅಂದರೆ ದನಗಳನ್ನು ದೋಚಿ ಒಯ್ಯುವುದರ, ಜೊತೆಗೇ ಬರುವ ಪದ. ಊರಿಗೆ ಊರನ್ನೇ ಹಾಳುಗೆಡವುವುದು. ಗ್ರೀನ್‌ವುಡ್‌ಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಒಂದೇ ಅನುಮಾನ: ಇವತ್ತಿನ ಕಿವಿಗೆ 'ಅಳಿವು' ಅಂದರೆ ತಾನಾಗಿ ಅಳಿದದ್ದು ಅನ್ನಿಸುತ್ತದೆ. ಅಳಿಸಿದವರು ಮತ್ತೆ ತಪ್ಪಿಸಿಕೊಳ್ಳುತ್ತಾರೆ.

ಶಾಸನ ಓದುವವರು ಈ ಬಳಗದಲ್ಲಿ ಇದ್ದೀರಿ. ವೀರಗಲ್ಲುಗಳಲ್ಲಿ ಈ ಪದ ಬರುವಾಗ ಊರು ಹಾಳು ಮಾಡಿದವರ ಹೆಸರೂ ಜೊತೆಗೆ ಬರುತ್ತದೆಯೇ? ಒಂದೆರಡು ಸಾಲು ಸಿಕ್ಕರೆ ದಯವಿಟ್ಟು ಹಾಕಿ. ಶುಕ್ರವಾರ ಲೇಖನ ಕಳಿಸಬೇಕು.