10 ಗುಂಟೆಯಲ್ಲಿ ಗ್ಲಾಡಿಯೋಲಸ್, ಕಡ್ಡಿ ಸುಗಂಧರಾಜ, ಆಸ್ಟರ್: ಎಲ್ಲಿ ಕೈಕೊಡುತ್ತೆ?

ಕೆಂಪುಮಣ್ಣು:
ಚಿಕ್ಕಬಳ್ಳಾಪುರದ ಹತ್ತಿರ 10 ಗುಂಟೆ ಇದೆ. ಬೋರ್‌ವೆಲ್ ನೀರು, ಡ್ರಿಪ್ ಎಳೆದಿದೆ. ಪಾಲಿಹೌಸ್ ಕಟ್ಟುವಷ್ಟು ಬಂಡವಾಳ ಇಲ್ಲ. ಬಯಲಲ್ಲೇ ಕಡ್ಡಿ ಹೂ (ದಂಟು ಸಮೇತ ಕೊಯ್ದು ಮಾರೋ ಹೂ) ಬೆಳೆದು ಮದುವೆ ಡೆಕೊರೇಷನ್‌ನವರಿಗೆ ಕೊಡೋ ಯೋಚನೆ. ಸಾಲಿನ ಅಂತರ, ಗೊಬ್ಬರದ ಲೆಕ್ಕ ಎಲ್ಲಾ ಕಡೆ ಸಿಗುತ್ತೆ. ನನಗೆ ಬೇಕಿರೋದು ಬೇರೆ: ಎಷ್ಟೆಷ್ಟು, ಯಾವಾಗ ಹಾಕಬೇಕು? ಕೊಯ್ದ ಮೇಲೆ ಹೂ ಎಲ್ಲಿ ಹಾಳಾಗುತ್ತೆ? ಗೆಡ್ಡೆ ಮುಂದಿನ ವರ್ಷಕ್ಕೆ ಉಳಿಯುತ್ತಾ?

ಲಗ್ನಪತ್ರಿಕೆ:
ಮೊದಲು ಪಂಚಾಂಗ ತಗೊಳ್ಳಿ, ತಮಾಷೆಗೆ ಹೇಳ್ತಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಲ್ಲ. ಇವು ಎಲ್ಲರಿಗೂ ಗೊತ್ತು. ಹೊಸಬರು ಎಡವೋದು ಗುರು-ಶುಕ್ರ ಅಸ್ತದಲ್ಲಿ, ಅಂದರೆ ಆ ಗ್ರಹ ಸೂರ್ಯನ ಹತ್ತಿರ ಬಂದು ಕಾಣದಾಗೋ ದಿನಗಳಲ್ಲಿ. ಅದನ್ನೇ ಮೂಢ ಅಂತಾರೆ. ಒಳ್ಳೇ ತಿಂಗಳು ಅಂದುಕೊಂಡಿದ್ದು ಮೂಢ ಬಿದ್ದರೆ ಪೂರ್ತಿ ಖಾಲಿ ಹೋಗುತ್ತೆ, ಪ್ರತಿ ವರ್ಷ ಬೇರೆ ಬೇರೆ ಸಮಯಕ್ಕೆ ಬರುತ್ತೆ. ಧನುರ್ಮಾಸದಲ್ಲಿ ಕ್ರಿಸ್‌ಮಸ್, ಹೊಸ ವರ್ಷ ಇರೋದರಿಂದ ಕೆಂಪು, ಬಿಳಿ ಗ್ಲಾಡಿಯೋಲಸ್ ಸ್ವಲ್ಪ ಓಡುತ್ತೆ, ಅಷ್ಟೇ.

ಗ್ಲಾಡಿಯೋಲಸ್‌ಗೆ ತಳಿ ನೋಡಿಕೊಂಡು 60ರಿಂದ 90 ದಿನ. ಚಳಿ ಜಾಸ್ತಿ ಇದ್ದರೆ ಇನ್ನೂ ಎಳೆಯುತ್ತೆ. ಹಾಗಾಗಿ ಹಿಂದಿನಿಂದ ಎಣಿಸಿ. ನವೆಂಬರ್ 30ಕ್ಕೆ ದೊಡ್ಡ ಲಗ್ನ ಇದ್ದರೆ ಕೊಯ್ಲು 28ಕ್ಕೆ. 80 ದಿನದ ತಳಿಯಾದರೆ ಗೆಡ್ಡೆ ಮಣ್ಣಿಗೆ ಹೋಗಬೇಕಾದ್ದು ಸೆಪ್ಟೆಂಬರ್ 9ಕ್ಕೆ. ಅದನ್ನೂ ಒಂದೇ ದಿನ ಹಾಕಬೇಡಿ. 4, 9, 14 ಅಂತ ಮೂರು ಕಂತು ಮಾಡಿ, ಹವಾಮಾನ ಹಿಂದೆ ಮುಂದೆ ಆದರೂ ಒಂದು ಕಂತು ಲಗ್ನಕ್ಕೆ ಸಿಗುತ್ತೆ. 30×20 ಸೆಂ.ಮೀ. ಅಂತರಕ್ಕೆ ಓಡಾಡೋ ದಾರಿ ಕಳೆದು ಗುಂಟೆಗೆ ಸುಮಾರು 1,200 ಗೆಡ್ಡೆ ಹಿಡಿಯುತ್ತೆ. 10 ಗುಂಟೆಗೂ ಒಂದೇ ಸಲ ಹಾಕಿದರೆ ಒಂದು ವಾರದಲ್ಲಿ ಹತ್ತು ಸಾವಿರ ಕಡ್ಡಿ ಬರುತ್ತೆ, ಅಷ್ಟನ್ನು ಕಟ್ಟೋಕೆ ಮನೇಲಿ ಕೈ ಎಲ್ಲಿದೆ?

ಮೊದಲ ವರ್ಷ 3 ಗುಂಟೆ ಗ್ಲಾಡಿಯೋಲಸ್ ಕಂತಿನಲ್ಲಿ, 3 ಗುಂಟೆ ಡಬಲ್ (ಸುತ್ತು ಸುತ್ತು ದಳದ) ಸುಗಂಧರಾಜ, 2 ಗುಂಟೆ ಆಸ್ಟರ್. ಉಳಿದಿದ್ದು ಖಾಲಿ ಇರಲಿ, ಯಾಕೆ ಅಂತ ಕೆಳಗೆ ಯಾರಾದರೂ ಹೇಳ್ತಾರೆ.

ಬಕೆಟ್ ನೀರು:
ಕೊಯ್ಲಿನ ಬಗ್ಗೆ. ಮೂರು ಹೂವಿಗೂ ಹದ ಬೇರೆ.

ಗ್ಲಾಡಿಯೋಲಸ್: ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದರೆ ಸಾಕು, ಅರಳಬಾರದು. ಕೊಯ್ಯುವಾಗ ಗಿಡದಲ್ಲಿ 4 ಎಲೆ ಉಳಿಸಿ. ಉದ್ದ ಕಡ್ಡಿ ಆಸೆಗೆ ಬುಡದವರೆಗೂ ಕತ್ತರಿಸಿದರೆ ಮುಂದಿನ ವರ್ಷದ ಗೆಡ್ಡೆ ಗೋಲಿ ಗಾತ್ರ ಆಗುತ್ತೆ. ಇನ್ನೊಂದು, ಕಡ್ಡಿಯನ್ನು ಯಾವತ್ತೂ ಮಲಗಿಸಬೇಡಿ. ಅಡ್ಡ ಇಟ್ಟರೆ ಕೆಲವೇ ಗಂಟೆಗಳಲ್ಲಿ ತುದಿ ಆಕಾಶದ ಕಡೆ ಕೊಕ್ಕೆಯಂತೆ ಬಾಗುತ್ತೆ, ಮತ್ತೆ ನೇರ ಆಗಲ್ಲ. ಹೊಲದಿಂದ ಹಿಡಿದು ಗಾಡಿವರೆಗೂ ನಿಲ್ಲಿಸಿಯೇ ಸಾಗಿಸಬೇಕು.

ಡಬಲ್ ಸುಗಂಧರಾಜ ಇದಕ್ಕೆ ಉಲ್ಟಾ. ಬಿಗಿ ಮೊಗ್ಗಲ್ಲಿ ಕೊಯ್ದರೆ ನೀರಲ್ಲಿ ಅರಳಲ್ಲ, ಹಸಿರಾಗಿಯೇ ಬಾಡುತ್ತೆ. ಕೆಳಗಿನ 2–3 ಹೂ ಬಿಡಿಸಿಕೊಂಡ ಮೇಲೇ ಕೊಯ್ಯಿರಿ. ಆಸ್ಟರ್ ಹೊರಗಿನ ದಳ ಪೂರ್ತಿ ಬಿಚ್ಚಿರಬೇಕು. ಕೆಳಗಿನ ಮೂರನೇ ಒಂದು ಭಾಗದ ಎಲೆ ಕಿತ್ತು ಹಾಕಿ, ಇಲ್ಲದಿದ್ದರೆ ಬಕೆಟ್ ನೀರು ಸಂಜೆಗೇ ನಾರುತ್ತೆ.

ಬಕೆಟ್ ಹೊಲಕ್ಕೇ ಬರಬೇಕು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರೋ ಮೊದಲು ಕೊಯ್ಯಿರಿ. 4–5 ಇಂಚು ನೀರು, ಲೀಟರಿಗೆ 1 ಮಿ.ಲೀ. 4 ಪರ್ಸೆಂಟ್ ಬ್ಲೀಚ್ ದ್ರಾವಣ. ಕಡ್ಡಿ ಬಾಡೋದು ಬಹುತೇಕ ನೀರಿಲ್ಲದೆ ಅಲ್ಲ, ಹಳೇ ಬಕೆಟ್‌ನ ಲೋಳೆ ದಂಟಿನ ನಾಳ ಕಟ್ಟಿಕೊಂಡು. ಬಕೆಟ್ ಒಳಗೆ ಬೆರಳಾಡಿಸಿ ನೋಡಿ, ಜಾರಿದರೆ ಉಜ್ಜಿ ತೊಳೀಬೇಕು ಅಂತ ಅರ್ಥ.

ಕೆಂಪುಮಣ್ಣು:
ಬೋರ್‌ವೆಲ್ ನೀರನ್ನೇ ಬಕೆಟ್‌ಗೆ ಹಾಕಬಹುದಾ?

ಬಕೆಟ್ ನೀರು:
ಮೊದಲು ಪರೀಕ್ಷೆ ಮಾಡಿಸಿ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಇರೋದು ಗೊತ್ತಿರೋದೇ. ಗ್ಲಾಡಿಯೋಲಸ್‌ಗೆ ಅದು ಆಗಲ್ಲ. ಗಿಡದಲ್ಲಿದ್ದಾಗ ಎಲೆ ತುದಿ ಸುಟ್ಟಂತೆ ಕಾಣುತ್ತೆ, ಬಕೆಟ್‌ನಲ್ಲಿದ್ದಾಗ ದಳದ ಅಂಚು ಕಂದಿ ಮೇಲಿನ ಮೊಗ್ಗು ತೆರೆಯಲ್ಲ. ಜನ ಇದನ್ನು ರೋಗ ಅಂತ ಔಷಧಿ ಹೊಡೀತಾರೆ. ಬಕೆಟ್‌ಗೆ ಮಳೆ ನೀರು ಇಡಿ, ಒಂದು ಸಿಂಟೆಕ್ಸ್ ತುಂಬಿಸಿಕೊಂಡರೆ ಸಾಕು. ಸೂಪರ್ ಫಾಸ್ಫೇಟ್‌ನಲ್ಲೂ ಫ್ಲೋರೈಡ್ ಇರುತ್ತೆ, ಗ್ಲಾಡಿಯೋಲಸ್ ಸಾಲಿಗೆ ರಂಜಕ ಬೇರೆ ಗೊಬ್ಬರದಿಂದ ಕೊಡಿ. ಸುಗಂಧರಾಜ, ಆಸ್ಟರ್ ಇಷ್ಟು ನಾಜೂಕಲ್ಲ.

ಗೆಡ್ಡೆಗೋಣಿ:
ಗ್ಲಾಡಿಯೋಲಸ್ ಗೆಡ್ಡೆ ಉಳಿಯುತ್ತೆ, ಆದರೆ ಕೆಲಸ ಇದೆ. ಹೂ ಕೊಯ್ದು 6–8 ವಾರಕ್ಕೆ ಎಲೆ ಹಳದಿಯಾಗುತ್ತೆ. ಅಲ್ಲಿವರೆಗೂ ನೀರು ಕೊಟ್ಟು, ಕೊನೇ ವಾರ ನಿಲ್ಲಿಸಿ ಕೀಳಿ. 2–3 ವಾರ ನೆರಳಲ್ಲಿ ಒಣಗಿಸಿ. ಹಳೇ ಗೆಡ್ಡೆ ಹೊಸದರ ತಳದಲ್ಲಿ ಒಣ ಬಿಲ್ಲೆಯಂತೆ ಅಂಟಿರುತ್ತೆ, ಹೆಬ್ಬೆರಳಲ್ಲಿ ತಿರುಚಿದರೆ ಕಳಚಿಕೊಳ್ಳಬೇಕು. ಕಳಚದೆ ಹರಿದು ಬಂದರೆ ಇನ್ನೂ ಒಣಗಿಲ್ಲ. ಕಂದು ಮಚ್ಚೆ ಒಳಕ್ಕಿಳಿದಿದ್ದರೆ ಅದು ಫ್ಯುಸೇರಿಯಂ ಅನ್ನೋ ಶಿಲೀಂಧ್ರದ ಕೊಳೆ, ಅಂಥದ್ದು ಒಂದನ್ನೂ ಇಟ್ಟುಕೊಳ್ಳಬೇಡಿ. ಅಂಟಂಟಾಗಿದ್ದರೆ ಥ್ರಿಪ್ಸ್ (ರಸ ಹೀರೋ ಪುಟ್ಟ ಕೀಟ), ಹೊಲದಿಂದ ಗೆಡ್ಡೆ ಜೊತೆಗೇ ಬಂದಿರುತ್ತೆ. ಉಳಿದವನ್ನು ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಬೆರೆಸಿದ ನೀರಲ್ಲಿ ಅರ್ಧ ಗಂಟೆ ಅದ್ದಿ, ಒಣಗಿಸಿ, ಗಾಳಿಯಾಡೋ ಚೀಲದಲ್ಲಿ ಹಾಕಿ 4 ಡಿಗ್ರಿಯಲ್ಲಿ ಮೂರು ತಿಂಗಳು. ಬಿತ್ತನೆ ಆಲೂಗಡ್ಡೆ ಇಡೋ ಶೀತಲಗೃಹದಲ್ಲಿ ಜಾಗ ಕೇಳಿ. ಶೀತ ಸಿಗದ ಗೆಡ್ಡೆ ನೆಟ್ಟರೆ ಒಂದು ಈ ವಾರ, ಒಂದು ಮುಂದಿನ ತಿಂಗಳು ಮೊಳೆತು, ಮೇಲೆ ಹೇಳಿದ ಪಂಚಾಂಗದ ಲೆಕ್ಕವೆಲ್ಲ ನೀರಲ್ಲಿ ಹೋಮ. ಹೊರಗೆ ತೆಗೆದ ಮೇಲೆ ತಳದಲ್ಲಿ ಬಿಳಿ ಬೇರಿನ ಗುಬುಟು ಕಂಡಾಗ ನೆಡಿ.

ಸುಗಂಧರಾಜಕ್ಕೆ ಈ ರಗಳೆ ಇಲ್ಲ, ನೆಲದಲ್ಲೇ ಮೂರು ವರ್ಷ ಬಿಡಬಹುದು. ಆಮೇಲೆ ಮರಿ ಗೆಡ್ಡೆ ಒತ್ತೊತ್ತಾಗಿ ಕಡ್ಡಿ ಗಿಡ್ಡ ಆಗುತ್ತೆ. ಕಡ್ಡಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸುವಾಸಿನಿ ಅಥವಾ ವೈಭವ್ ಕೇಳಿ. ಪ್ರಜ್ವಲ್ ಸಿಂಗಲ್ ತಳಿ, ಬಿಡಿ ಹೂವಿಗೆ ಚೆನ್ನ. ಡಬಲ್ ಅಂತ ಸಿಂಗಲ್ ಗೆಡ್ಡೆ ಮಾರಿದರೂ ಹೂ ಬರೋವರೆಗೂ ಗೊತ್ತಾಗಲ್ಲ, ಹಾಗಾಗಿ ಹೂ ಇದ್ದಾಗಲೇ ತೋಟ ನೋಡಿ ಮಾತಾಡಿಕೊಳ್ಳಿ.

ಆಸ್ಟರ್‌ಗೆ 2 ಗುಂಟೆ ನನ್ನ ಪ್ರಕಾರ ಕಡಿಮೆ, ಬಂಡವಾಳ ಬರೀ ಬೀಜದ್ದು ತಾನೇ. ಬೀಜ ಮಾತ್ರ ಹೊಸದಿರಲಿ, ಹಳೇದು ಬೇಗ ಮೊಳಕೆ ಶಕ್ತಿ ಕಳ್ಕೊಳ್ಳುತ್ತೆ. ಕಾಮಿನಿ ಗುಲಾಬಿ, ಪೂರ್ಣಿಮಾ ಬಿಳಿ.

ಲಗ್ನಪತ್ರಿಕೆ:
ಆಸ್ಟರ್ ಜಾಸ್ತಿ ಹಾಕಬಹುದು, ಆದರೆ ಅದೇ ಮಡಿಯಲ್ಲಿ ಎರಡನೇ ಸಲ ಹಾಕಿದರೆ ಸೊರಗು ರೋಗ ಹಿಡಿಯುತ್ತೆ. ಜಾಗ ಬದಲಾಯಿಸೋಕೇ ಆ 2 ಗುಂಟೆ ಖಾಲಿ ಬಿಡಿ ಅಂದಿದ್ದು.

ಗೆಡ್ಡೆಗೋಣಿ:
ಒಪ್ಪಿದೆ. ಆ ಖಾಲಿ ಜಾಗಕ್ಕೆ ಜುಲೈ ಮೊದಲ ವಾರ ಹಸಿರು ಗೊಬ್ಬರಕ್ಕೆ ಅಪ್ಸೆಣಬು ಎರಚಿ. 45 ದಿನಕ್ಕೆ, ಹೂ ಬಿಡೋ ಹೊತ್ತಿಗೆ ಮಣ್ಣಿಗೆ ಸೇರಿಸಿ ಮೂರು ವಾರ ಕೊಳೆಯೋಕೆ ಬಿಟ್ಟರೆ ಸೆಪ್ಟೆಂಬರ್ 9ರ ಹೊತ್ತಿಗೆ ಮಡಿ ಸಿದ್ಧ. ಬೇರಿಗೆ ಬೀಳೋ ಜಂತುಹುಳುವಿನ ಕಾಟವೂ ಕಮ್ಮಿ ಆಗುತ್ತೆ. ಆಷಾಢದಲ್ಲಿ ಹೇಗೂ ಕೊಳ್ಳೋರಿಲ್ಲ.