'ಏಜ್ ಹಾರ್ಡನಿಂಗ್'ಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ. ವಿಮಾನದ ಲೋಹಗಳ ಬಗ್ಗೆ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹವನ್ನು ಕಾಯಿಸಿ ನೀರಿಗೆ ಅದ್ದಿದ. ಆಗ ಮೆತ್ತಗಿತ್ತು. ಎರಡು ದಿನ ಸುಮ್ನೆ ಬಿಟ್ಟು ನೋಡಿದರೆ ಗಟ್ಟಿ! ಅದೇ ಮುಂದೆ ವಿಮಾನಗಳಿಗೆ ಬಳಸಿದ ಡ್ಯುರಾಲ್ಯುಮಿನ್ ಆಯಿತು. ಹೀಗೆ ಗಟ್ಟಿಯಾಗುವುದಕ್ಕೆ 'ವಯೋದೃಢೀಕರಣ' ಅಂತ ಹಾಕಿದ್ದೆ. ಪಿಂಚಣಿ ಅರ್ಜಿಯ ಹಾಗೆ ಕಾಣುತ್ತಿದೆ.

> ವಯೋದೃಢೀಕರಣ

ಅಯ್ಯೋ, ಬೇಡ. 'ಮಾಗಿಕೆ' ಹಾಕಿ, ಮುಗೀತು. ಹಾಗೇ 'ಮಿಶ್ರಲೋಹ' ತೆಗೆದು 'ಬೆರಕೆ' ಮಾಡಿ. ಕನ್ನಡದಲ್ಲಿ ಪದ ಇರುವಾಗ ಸಂಸ್ಕೃತ ಯಾಕೆ?

> 'ಮಾಗಿಕೆ' ಹಾಕಿ

ಮಾಗಿದರೆ ಮೆತ್ತಗಾಗುತ್ತದೆ ಸ್ವಾಮಿ. ಇಲ್ಲಿ ಉಲ್ಟಾ. ತೆಂಗಿನಕಾಯಿ ಬಲಿತಿದೆ ಅನ್ನುತ್ತೇವಲ್ಲ, ಆ 'ಬಲಿ' ಇಲ್ಲಿಗೆ ಸರಿ. ನೀರಿಗೆ ಅದ್ದಿದಾಗ ತಾಮ್ರದ ಪರಮಾಣುಗಳು ಇದ್ದಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ನಿಧಾನವಾಗಿ ಪುಟ್ಟ ಗುಂಪುಗಳಾಗಿ, ಲೋಹದ ಪದರಗಳು ಜಾರದಂತೆ ತಡೆಯುತ್ತವೆ. ತಾನಾಗಿ ಆದರೆ 'ಬಲಿಯುವಿಕೆ', ಬಿಸಿಯಲ್ಲಿಟ್ಟು ಮಾಡಿದರೆ 'ಬಲಿಸುವಿಕೆ'. ಸತು ಜಾಸ್ತಿ ಇರುವ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಬಲಿಸುತ್ತಾರೆ. ಹಾಗೆ ಬಲಿಸಿದ ಹದಕ್ಕೆ ಟಿ6 ಅಂತ ಹೆಸರು.

'ಮಾಗಿಕೆ'ಗೂ ಜಾಗ ಇದೆ. ಟಿ6 ಹದದ ದಪ್ಪ ಭಾಗಗಳು, ಎಳೆತದ ಜೊತೆ ತೇವವೂ ಸೇರಿದರೆ ಬಿರುಕು ಬಿಡುತ್ತಿದ್ದವು. ಅದಕ್ಕೇ ಇನ್ನೂ ಬಿಸಿ ಕೊಟ್ಟು ಟಿ73 ಅನ್ನುವ ಹದ ಮಾಡಿದರು. ಗುಂಪುಗಳು ದಪ್ಪವಾಗಿ ಬಲ ಶೇ. 10–15ರಷ್ಟು ಇಳಿಯುತ್ತದೆ, ಆದರೆ ಬಿರುಕಿನ ಭಯ ತೀರಾ ಕಡಿಮೆ. ಬಲಿತದ್ದು ಟಿ6, ಮಾಗಿದ್ದು ಟಿ73.

> 'ಬಲಿ' ಇಲ್ಲಿಗೆ ಸರಿ

ಓದಿದವರು ಕುರಿ ಕಡಿಯುತ್ತಾರೆ ಅಂದುಕೊಳ್ಳಲಿ ಅಂತಲೇ? ಅದೂ ಸಂಸ್ಕೃತದ 'ಬಲ'ದಿಂದಲೇ ಬಂದದ್ದು.

ಅಲ್ಲ. ತಮಿಳಿನ 'ವಲ್' (ಬಲವಾದ) ನೋಡಿ. ಸಂಸ್ಕೃತವೇ ನಮ್ಮಿಂದ 'ಬಲ' ತೆಗೆದುಕೊಂಡಿತು ಅನ್ನುವವರೂ ಇದ್ದಾರೆ. 'ಬೆರಕೆ' ಅಂದರೆ ಹಾಲಿಗೆ ನೀರು ಬೆರೆಸಿದ ಹಾಗೆ ಕೇಳುತ್ತದೆ. ಮಿಶ್ರಲೋಹ ಇರಲಿ ಬಿಡಿ.

ನಡುವೆ ಬಾಯಿ ಹಾಕುತ್ತೇನೆ. ವಿಮಾನದ ಕೆಲಸದಲ್ಲಿದ್ದವನು ನಾನು. ಅಲ್ಲಿ ಎಲ್ಲರೂ 'ಏಜಿಂಗ್' ಅನ್ನುವುದು. 2024 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ರಿವೆಟ್ (ತಗಡು ಜೋಡಿಸುವ ಮೊಳೆ) ಕಾಯಿಸಿ ನೀರಿಗೆ ಅದ್ದಿದ ಕೂಡಲೇ ಫ್ರೀಜರ್‌ಗೆ ಹಾಕುತ್ತಿದ್ದೆವು, ಇಲ್ಲದಿದ್ದರೆ ಗಟ್ಟಿಯಾಗಿಬಿಡುತ್ತದೆ. ತೆಗೆದ ಮೇಲೆ ಹತ್ತಿಪ್ಪತ್ತು ನಿಮಿಷದಲ್ಲಿ ಬಡಿದು ಮುಗಿಸಬೇಕು. ನಿಮ್ಮ ಪದ ಹುಟ್ಟುವಷ್ಟರಲ್ಲಿ ಒಂದು ಡಬ್ಬಿ ರಿವೆಟ್ ಹಾಳು. ಅಲ್ಯೂಮಿನಿಯಂ ಅನ್ನೇ ಸಾಲ ತಂದವರಿಗೆ 'ಏಜಿಂಗ್' ಭಾರವೇ?

'ಬಲಿಯುವಿಕೆ' ಹಾಕುತ್ತಿದ್ದೇನೆ, ಕೆಳಗೆ ಸಣ್ಣಕ್ಷರದಲ್ಲಿ 'ಏಜಿಂಗ್'. ಎಲ್ಲರಿಗೂ ಥ್ಯಾಂಕ್ಸ್.

'ವಿಮಾನ' ಸಂಸ್ಕೃತ ಅಲ್ವಾ? ಅದನ್ನು 'ಬಾನೋಡ' ಮಾಡಿ.

ಬೇರೆ ಎಳೆ ಶುರು ಮಾಡಿ, ದಯವಿಟ್ಟು.