ಹಾಲ್ ಗೋಡಿ ಗಿಲಾವ್ ಮೂರನೇ ಸಲ ಉಬ್ಬೇತಿ (ಮಡಗಾಂವ್), ಏನ್ ಹಚ್ಚಲಿ?

ಮಡಗಾಂವ್_ಧಾರವಾಡಿ:
ಸಾಕಾಗೇತಿ ನನಗ. ಒಂದಽ ಗೋಡಿಗೆ ಮೂರು ವರ್ಷದಾಗ ಮೂರು ಸಲ ಗಿಲಾವ್ ಆತು. ಎರಡು ಸಲ ಗೌಂಡಿ ಮಾಡಿದ, ಈ ಸಲ ನಾನಽ ಥಾಪಿ ಹಿಡದೆ. 1:4 ಸಿಮೆಂಟ್ ಉಸುಕಿನ ಮಾಲು, ವಾಟರ್‌ಪ್ರೂಫ್ ಪುಡಿ, ಏಳು ದಿನ ನೀರು ಹೊಡದೀನಿ. ಆಮ್ಯಾಲೆ ಪ್ರೈಮರ್, ಪುಟ್ಟಿ, ಎರಡು ಕೈ ಬಣ್ಣ. ಚೌತಿಗೆ ಚಂದ ಇತ್ತು, ದೀಪಾವಳಿ ಹೊತ್ತಿಗೆ ಹಪ್ಪಳದಂಗ ಉಬ್ಬೇತಿ. ಬೆರಳಿಂದ ಒತ್ತಿದ್ರ ಪಟಕ್ಕನ ಒಡದು ಒಳಗಿಂದ ಬಿಳಿ ಪುಡಿ ಉದುರತೈತಿ, ನಾಲಿಗಿಗೆ ಹಚ್ಚಿದ್ರ ಉಪ್ಪು. ಯಾವ ಕೆಮಿಕಲ್ ಹಚ್ಚಲಿ, ಅಷ್ಟಽ ಹೇಳ್ರಿ.

ಪಿಂಪ್ರಿ_ನಳ:
ಕೆಮಿಕಲ್ ಬಿಡಿ ಸರ್, ಇದು ಲೀಕೇಜ್. ಗೋಡೆಯೊಳಗಿನ ಪೈಪ್ ಎಲ್ಬೋ ಹತ್ರ ಜಿನುಗ್ತಿರತ್ತೆ. ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ಮೀಟರ್ ಫೋಟೋ ತಗೊಳ್ಳಿ, ಬೆಳಿಗ್ಗೆ ಹೋಲಿಸಿ.

ಮಡಗಾಂವ್_ಧಾರವಾಡಿ:
11ಕ್ಕ ಒಂದು, 5ಕ್ಕ ಒಂದು ಫೋಟೋ ತಗದೆ. ಅಂಕಿ ಅಲ್ಲಾಡಿಲ್ಲ.

ಪಿಂಪ್ರಿ_ನಳ:
ಹಾಗಾದ್ರೆ ಬಾತ್‌ರೂಮಿನ ಡ್ರೇನ್. ಅದು ಸೋರಿದ್ರೆ ಮೀಟರಲ್ಲಿ ಗೊತ್ತಾಗಲ್ಲ.

ಮಡಗಾಂವ್_ಧಾರವಾಡಿ:
ಆ ಗೋಡಿಗೆ ಬಾತ್‌ರೂಮ್ ಇಲ್ಲರಿ. ಆಚೆ ಕಡೆ ಅಂಗಳ.

ಪಿಂಪ್ರಿ_ನಳ:
ಟ್ಯಾಂಕಿಂದ ಇಳಿಯೋ ಪೈಪ್ ಎಲ್ಲಿದೆ? ಅದನ್ನ ನೋಡದೆ ಗೋಡೆ ಮುಟ್ಟಬೇಡಿ.

ವಾಸ್ಕೋ_ಗೌಂಡಿ:
ಪೈಪ್ ಪೈಪ್ ಅಂತ ಎಷ್ಟ್ ದಿನ ಹುಡುಕ್ತೀರಿ? ಉಪ್ಪು ಅಂದ ಮ್ಯಾಲೆ ಉಸುಕು ನೋಡ್ರಿ. ಖಾಡಿ ಉಸುಕು, ಅಂದ್ರ ಸಮುದ್ರದ ಉಪ್ಪುನೀರು ಬರೋ ಕಡೀದು, ತೊಳೀದೆ ಹಾಕಿರ್ತಾರ. ನಾ 20 ವರ್ಷದಿಂದ ಗೋವಾದಾಗ ಗೌಂಡಿ ಕೆಲಸ ಮಾಡಾಕತ್ತೀನಿ, ಹೊಳಿ ಉಸುಕಿನ ಗಿಲಾವ್ ಹಿಂಗ ಉಬ್ಬಿಲ್ಲ.

ಡೊಂಬಿವಲಿ_ಮಷಿನ್:
ಎಂ ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು, ತಗೊಂಡ್ರೆ ಉಪ್ಪಿನ ತಂಟೆನೇ ಇಲ್ಲ. ಗಿಲಾವಿಗೆ ನುಣ್ಣಗಿನ ಪಿ ಸ್ಯಾಂಡ್ ಸಿಗತ್ತೆ.

ವಾಸ್ಕೋ_ಗೌಂಡಿ:
ಎಂ ಸ್ಯಾಂಡಿನಾಗ ಧೂಳು ಜಾಸ್ತಿ, ಕೂದಲೆಳಿ ಬಿರುಕು ಬರತಾವ. ಬಾಟಲಿಯೊಳಗ ಉಸುಕು, ನೀರು ಹಾಕಿ ಅಲ್ಲಾಡಿಸಿ ಮೂರು ತಾಸು ಇಡ್ರಿ, ಮ್ಯಾಲೆ ಎಷ್ಟು ರಾಡಿ ಕೂಡತೈತಿ ನೋಡ್ರಿ.

ಡೊಂಬಿವಲಿ_ಮಷಿನ್:
ತೊಳೆದ ಎಂ ಸ್ಯಾಂಡಲ್ಲಿ ಆ ರಾಡಿ ಇರಲ್ಲ. ಮತ್ತೆ ಗಿಲಾವ್ ಕೆಡವೋಕೆ ಉಳಿ ಸುತ್ತಿಗೆ ಬೇಡ. ನನ್ನ 5 ಕೆಜಿ ರೋಟರಿ ಹ್ಯಾಮರಿಗೆ ಅಗಲ ಉಳಿ ಹಾಕಿದ್ರೆ 10 ಬೈ 10 ಗೋಡೆ ಅರ್ಧ ದಿನದ ಕೆಲಸ. ಮೊನ್ನೆ ಲೇಸರ್ ಲೆವೆಲ್ ಕೂಡ ತಗೊಂಡೆ. ಓಳಂಬ ಮುಟ್ಟಿ ವರ್ಷ ಆಯ್ತು.

ಕಾಣಕೋಣ_ಅಕ್ಕ:
ಮಷಿನ್ ಅವರೇ, ಆ ಹ್ಯಾಮರ್ ಈ ಗೋಡೆಗೆ ತರಬೇಡಿ, ಯಾಕೆಂದು ಹೇಳ್ತೇನೆ. ಧಾರವಾಡಿ ಅಣ್ಣಾ, ಮೊದಲು ಮೂರು ವಿಷಯ ಹೇಳಿ. ಉಬ್ಬಿದ್ದು ನೆಲದಿಂದ ಎಷ್ಟು ಎತ್ತರದವರೆಗೆ? ಗೋಡೆ ಯಾವ ಕಲ್ಲಿನದ್ದು? ಹೊರಗಿನ ಅಂಗಳ ಒಳಗಿನ ನೆಲಕ್ಕಿಂತ ಮೇಲೆ ಉಂಟಾ, ಕೆಳಗಾ?

ಮಡಗಾಂವ್_ಧಾರವಾಡಿ:
ಎತ್ತರ ಎರಡೂವರಿ ಫೂಟ್, ಅದರ ಮ್ಯಾಲೆ ಗೋಡಿ ಒಣಾ. ಕಲ್ಲು ಕೇಳಬೇಕೇನ್ರಿ, ಹಳೇ ಹೆಂಚಿನ ಮನಿ, ಒಂದೂವರಿ ಫೂಟ್ ದಪ್ಪ ಚಿರೆಕಲ್ಲಿನ ಗೋಡಿ, ಸುಣ್ಣದಾಗ ಕಟ್ಟಿದ್ದು. ಮೊದಲು ಸುಣ್ಣದ ಗಿಲಾವಽ ಇತ್ತು. ಮೂರು ವರ್ಷದ ಹಿಂದ ಅಂಗಳಕ್ಕ ಪೇವರ್ ಹಾಕಿಸಿ ಸ್ವಲ್ಪ ಎತ್ತರ ಮಾಡಿದ್ವಿ, ಈಗ ಒಳಗಿನ ನೆಲದ ಸಮ ಬಂದೈತಿ.

ಕಾಣಕೋಣ_ಅಕ್ಕ:
ಇದನ್ನೇ ಮೊದಲು ಹೇಳಬೇಕಿತ್ತು ಅಣ್ಣಾ. ಚಿರೆಕಲ್ಲಿಗೆ ಮೈಯೆಲ್ಲ ತೂತು, ಬುಡದಿಂದ ನೀರು ಹೀರಿ ಮೇಲೆ ಏರಿಸ್ತದೆ. ಸುಣ್ಣದ ಗಿಲಾವ್ ಇದ್ದಾಗ ಆ ನೀರು ಗೋಡೆಯ ಮೈಯಿಂದ ಆರಿ ಹೋಗ್ತಿತ್ತು. ನೀವು ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಹಾಕಿ ದಾರಿ ಮುಚ್ಚಿದಿರಿ. ಮಳೆ ನಿಂತು ಗೋಡೆ ಒಣಗುವಾಗ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಬಣ್ಣವನ್ನು ದೂಡ್ತದೆ, ಅದಕ್ಕೇ ಚೌತಿಗೆ ಚೆಂದ, ದೀಪಾವಳಿಗೆ ಹಪ್ಪಳ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಯಾವ ಪುಡಿಯೂ ಇದಕ್ಕೆ ಔಷಧಿ ಅಲ್ಲ.

ಮೂರು ಫೂಟ್‌ವರೆಗೆ ಸಿಮೆಂಟ್ ಕೆಡವಿ, ಕೈ ಉಳಿಯಿಂದ, ಮೆಲ್ಲಗೆ. ಹ್ಯಾಮರ್ ಇಟ್ರೆ ಮೆತ್ತಗಿನ ಕಲ್ಲೂ ಕಿತ್ತು ಬರ್ತದೆ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ ತೆಗೀರಿ. ನೀರು ಹಾಕಿದ್ರೆ ಅದು ಕರಗಿ ಕಲ್ಲಿನೊಳಗೇ ಹೋಗ್ತದೆ. ಹೊರಗೆ ಗೋಡೆಗೆ ಹತ್ತಿದ ಪೇವರ್ ಸಾಲು ತೆಗೆದು, ಅಲ್ಲಿ ಮಣ್ಣು ಒಳನೆಲಕ್ಕಿಂತ ಅರ್ಧ ಫೂಟ್ ತಗ್ಗಿಸಿ, ನೀರು ಗೋಡೆಯಿಂದ ಆಚೆ ಹರಿಯುವ ಹಾಗೆ ಇಳಿಜಾರು ಕೊಡಿ. ಬೇಸಿಗೆಯೆಲ್ಲ ಒಣಗಲಿ. ಆಮೇಲೆ 1:3 ಸುಣ್ಣ ಮರಳು ತೆಳ್ಳಗೆ ಎರಡು ಕೋಟ್, ಮೇಲೆ ಬರೀ ಸುಣ್ಣ. ಸುಣ್ಣ ಕಣ್ಣಿಗೆ ಹಾರಿದ್ರೆ ಸುಡ್ತದೆ, ಕನ್ನಡಕ, ಗ್ಲೌಸ್ ಬೇಕೇ ಬೇಕು.

ವಾಸ್ಕೋ_ಗೌಂಡಿ:
ಅಕ್ಕಾರ, ಸುಣ್ಣದ ಗಿಲಾವ್ ಮಾಡೋ ಕೈ ಈಗ ಎಲ್ಲಿ ಅದಾವ? ನಮ್ಮಪ್ಪಗ ಬರತಿತ್ತು, ನನಗ ಬರಂಗಿಲ್ಲ. ಸಿಮೆಂಟ್ 1:6 ಸಣ್ಣಗೆ ಹೊಡದ್ರ ನಡೀತೈತಿ ಅನಸ್ತದ.

ಕಾಣಕೋಣ_ಅಕ್ಕ:
1:4ಕ್ಕಿಂತ ಮೇಲು, ಆದ್ರೆ ಈ ಗೋಡೆಗೆ ಅದೂ ಬೇಡ.

ಮಡಗಾಂವ್_ಧಾರವಾಡಿ:
ಎರಡು ಫೂಟ್ ಅಗಲ ಕೆಡವಿ ನೋಡಿದೆ. ಕಲ್ಲಿನ ತೂತಿನಾಗ ಬೆರಳಿಟ್ರ ತಣ್ಣಗ ಹತ್ತತೈತಿ. ಹಸಿ ಎಲ್ಲಿಗೆ ನಿಂತೈತಿ ಅಲ್ಲಿ ಪೆನ್ಸಿಲ್ ಗೆರಿ ಎಳದು ತಾರೀಕು ಬರದೀನಿ. ಪೇವರ್ ಒಂದು ಸಾಲು ಎಬ್ಬಿಸಿದ್ರ ಕೆಳಗ ಮಣ್ಣು ಮುದ್ದಿ ಕಟ್ಟೂವಷ್ಟು ಹಸಿ, ಅದೂ ಡಿಸೆಂಬರ್‌ನಾಗ.

ಪಿಂಪ್ರಿ_ನಳ:
ಡಿಸೆಂಬರಲ್ಲೂ ಹಸಿ ಅಂದ್ರೆ ಬರೀ ಮಳೆ ನೀರಲ್ಲ. ನಾನು ಮೊದಲಿಂದ ಹೇಳ್ತಿರೋದು ಅದೇ. ಅಲ್ಲಿ ದಿನಾ ನೀರು ಬೀಳೋ ಜಾಗ ಏನಾದ್ರೂ ಇದೆಯಾ?

ಮಡಗಾಂವ್_ಧಾರವಾಡಿ:
ಬಟ್ಟಿ ಒಗಿಯೋ ಕಲ್ಲು ಅದಽ ಗೋಡಿಗೆ ಹತ್ತಿ ಐತ್ರಿ. ಮನ್ಯಾಗ ಎಲ್ಲಾರೂ ಅಲ್ಲೇ ಒಗೀತಾರ, ಹಂಗಾಗಿ ಹೇಳಬೇಕಂತ ಹೊಳೀಲಿಲ್ಲ. ಭಾನುವಾರ ಅದನ್ನ ಬಾವಿ ಕಡೆ ಸರಸ್ತೀನಿ. ಮಡಗಾಂವ್ ಸುತ್ತಮುತ್ತ ನೆನೆಸಿದ ಸುಣ್ಣ ಎಲ್ಲಿ ಸಿಗತೈತಿ, ಯಾರಿಗಾದ್ರೂ ಗೊತ್ತಿದ್ರ ಹೇಳ್ರಿ.

ಡೊಂಬಿವಲಿ_ಮಷಿನ್:
ಲೇಸರ್ ಲೆವೆಲ್ ಬೇಕಾದ್ರೆ ಹೇಳಿ, ಅಂಗಳದ ಇಳಿಜಾರು ನೋಡೋಕೆ ಮೇ ತಿಂಗಳು ಗೋವಾಕ್ಕೆ ಬಂದಾಗ ತರ್ತೀನಿ.